ಕರೆಂಟಿಲ್ಲದ ಮನೆಯಲ್ಲಿ ಜೋಟೆರೊ: ಹದಿನೆಂಟು ತಿಂಗಳು ಬಳಸಿದ ಮೇಲೆ

ಸಂಶೋಧನಾ ಪೇಪರ್‌ಗಳನ್ನ ಜೋಡಿಸಿಟ್ಟು, ಬರೆಯುವಾಗ ಉಲ್ಲೇಖ ಹಾಕಿಕೊಡುವ ಸಾಫ್ಟ್‌ವೇರ್ ಜೋಟೆರೊ. ಅದಕ್ಕೆ ನನ್ನ ಅಂಕ ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು. ಒಂದು ಅಂಕ ಯಾಕೆ ಕಡಿಮೆ ಅನ್ನೋದು ಮುಂದೆ ಬರುತ್ತದೆ, ಅದರಲ್ಲಿ ಅರ್ಧ ತಪ್ಪು ನನ್ನದೇ. ಎರಡು ದಿನ ಹಾಕಿ ನೋಡಿ ಬರೆಯುತ್ತಿರುವುದಲ್ಲ ಇದು. ಒಂದೂವರೆ ವರ್ಷ ದಿನಾ ಬಳಸಿದ್ದೇನೆ, ಒಂದು ಸಲ ಪೂರ್ತಿ ಹಾಳು ಮಾಡಿಕೊಂಡು ಅತ್ತಿದ್ದೂ ಆಗಿದೆ.

ನಾನು ಜಿಯೋಟೆಕ್ನಿಕಲ್‌ನಲ್ಲಿ, ಅಂದರೆ ಮಣ್ಣು ಬಂಡೆಗಳ ಎಂಜಿನಿಯರಿಂಗ್‌ನಲ್ಲಿ, ಎಂ.ಟೆಕ್ ಎರಡನೇ ವರ್ಷ. ಕಾಲೇಜು ಘಟ್ಟದ ಕೆಳಗೆ, ಮನೆ ಕೊಡಗಿನ ಮಾದಾಪುರದ ಕಡೆ. ಥೀಸಿಸ್ ವಿಷಯವನ್ನ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಎಷ್ಟು ಮಳೆ ಬಿದ್ದರೆ ಗುಡ್ಡ ಜಾರುತ್ತದೆ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಅಷ್ಟು ಸಾಕು. ಜೂನ್‌ನಿಂದ ಆಗಸ್ಟ್‌ವರೆಗೆ ಫೀಲ್ಡ್ ಕೆಲಸ ಅಂತ ಮನೆಯಲ್ಲೇ ಇರುತ್ತೇನೆ. ಕೊಡಗಿನ ಮಳೆಗಾಲ ಗೊತ್ತಲ್ವಾ. ಒಂದು ಸಿಲ್ವರ್ ಮರ ಲೈನ್ ಮೇಲೆ ಬಿತ್ತು ಅಂದ್ರೆ ಮೂರು ದಿನ ಕರೆಂಟಿಲ್ಲ, ಕರೆಂಟಿಲ್ಲ ಅಂದ್ರೆ ಟವರ್ ಇಲ್ಲ, ಟವರ್ ಇಲ್ಲ ಅಂದ್ರೆ ಫೋನ್ ಹಿಡ್ಕೊಂಡು ತೋಟದ ಮೇಲಿನ ಎತ್ತರದ ಜಾಗಕ್ಕೆ (ನಮ್ಮ ಕಡೆ ಬಾಣೆ ಅಂತಾರೆ) ಹತ್ತಬೇಕು, ಅಲ್ಲಿ ಜಿಗಣೆ ಬೇರೆ. ಹಾಗಾಗಿ ಯಾವ ಸಾಫ್ಟ್‌ವೇರ್ ಆದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ನೆಟ್ ಇಲ್ಲದಾಗ ನೀನು ಏನು ಮಾಡ್ತೀಯಾ?

ಇದಕ್ಕೆ ಮುಂಚೆ ನನ್ನ ಹತ್ರ ಇದ್ದದ್ದು ಒಂದು ಡೌನ್‌ಲೋಡ್ ಫೋಲ್ಡರ್. ಅದರಲ್ಲಿ ಬರೀ ಅಂಕಿಗಳ ಹೆಸರಿನ ಪಿಡಿಎಫ್‌ಗಳು, "ಫುಲ್ ಪೇಪರ್ 3", "ಫುಲ್ ಪೇಪರ್ 3 ಹೊಸದು", ಒಂದೇ ಪೇಪರ್ ನಾಲ್ಕು ಸಲ. ಮೊದಲ ಸೆಮಿಸ್ಟರ್‌ನ ಸೆಮಿನಾರ್ ವರದಿಯಲ್ಲಿ ಗೈಡ್ ಒಂದು ವಾಕ್ಯದ ಮೇಲೆ ಬೆರಳಿಟ್ಟು "ಇದು ಎಲ್ಲಿಂದ ಬಂತಮ್ಮಾ?" ಅಂದರು. ಓದಿದ್ದು ನೆನಪಿದೆ, ಬಲಗಡೆ ಪುಟದಲ್ಲಿ ಕೆಳಗೆ ಇತ್ತು ಅನ್ನೋದೂ ನೆನಪಿದೆ, ಯಾವ ಪೇಪರ್ ಅನ್ನೋದು ಮಾತ್ರ ನೆನಪಿಲ್ಲ. "ಹುಡುಕಿ ಹೇಳ್ತೀನಿ ಸರ್" ಅಂದೆ. ಇವತ್ತಿಗೂ ಸಿಕ್ಕಿಲ್ಲ, ಆ ವಾಕ್ಯ ತೆಗೆದೇ ಹಾಕಿದೆ. ಆ ವಾರವೇ ಲ್ಯಾಬಿನ ಸೀನಿಯರ್ ಅಕ್ಕ ಒಬ್ಬರು ಜೋಟೆರೊ ಹಾಕಿಕೊಟ್ಟರು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಜೋಟೆರೊ ಉಚಿತ, ಓಪನ್ ಸೋರ್ಸ್. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಶುರುವಾಯ್ತು, ಮಾಡಿದ್ದು ಅಲ್ಲಿನ ಇತಿಹಾಸ ಮತ್ತು ಹೊಸ ಮಾಧ್ಯಮದ ಕೇಂದ್ರದವರು. ಎಂಜಿನಿಯರ್‌ಗಳಲ್ಲ, ಇತಿಹಾಸದವರು. ಇದು ಸುಮ್ನೆ ಹೇಳಿದ್ದಲ್ಲ, ಕೊನೆಗೆ ನನಗೆ ಇದರಿಂದಲೇ ಉಪಕಾರ ಆಗಿದ್ದು. ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ರೋಗ್ರಾಂ, ಬ್ರೌಸರ್‌ನಲ್ಲಿ ಒಂದು ಬಟನ್. ಪೇಪರ್ ಇರುವ ಪುಟದಲ್ಲಿ ಬಟನ್ ಒತ್ತಿದರೆ ಲೇಖಕರು, ವರ್ಷ, ಜರ್ನಲ್, ಸಾರಾಂಶ ಎಲ್ಲಾ ಬಂದು ಕೂರುತ್ತದೆ, ಸಿಗುವಂತಿದ್ದರೆ ಪಿಡಿಎಫ್ ಕೂಡ ಜೊತೆಗೆ.

ಈಗ ನನ್ನ ಮೊದಲ ಪ್ರಶ್ನೆಗೆ ಬರೋಣ. ಜೋಟೆರೊ ಎಲ್ಲವನ್ನೂ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇಡುತ್ತದೆ. ಸಿಂಕ್, ಅಂದರೆ ಸರ್ವರ್‌ನಲ್ಲೂ ಒಂದು ಪ್ರತಿ ಇಡೋದು, ಬೇಕಾದರೆ ಮಾತ್ರ. ಹಾಗಾಗಿ ನೆಟ್ ಇಲ್ಲದೆ ಹುಡುಕಬಹುದು, ಪಿಡಿಎಫ್ ತೆರೆದು ಬಣ್ಣ ಹಚ್ಚಬಹುದು, ಟಿಪ್ಪಣಿ ಬರೆಯಬಹುದು, ವರ್ಡ್‌ನಲ್ಲಿ ಉಲ್ಲೇಖ ಹಾಕಬಹುದು, ಕೊನೆಯ ಪಟ್ಟಿಯೂ ತಾನೇ ತಯಾರಾಗುತ್ತದೆ. ಹುಡುಕುವುದು ಅಂದ್ರೆ ಬರೀ ಶೀರ್ಷಿಕೆಯಲ್ಲಲ್ಲ, ಪಿಡಿಎಫ್ ಒಳಗಿನ ಪಠ್ಯದಲ್ಲೂ. ಕಳೆದ ಜುಲೈನಲ್ಲಿ ನಾಲ್ಕು ದಿನ ಹೊರಜಗತ್ತೇ ಇಲ್ಲದಿದ್ದಾಗ ಇನ್ವರ್ಟರ್‌ನಲ್ಲಿ ಉಳಿದಿದ್ದ ಚಾರ್ಜಿಂದ ಸಾಹಿತ್ಯ ಸಮೀಕ್ಷೆಯ ಹದಿನಾಲ್ಕು ಪುಟ ಬರೆದೆ. ಅಪ್ಪ ಟಿ.ವಿ. ಇಲ್ಲ ಅಂತ ಗೊಣಗುತ್ತಿದ್ದರು, ಅಮ್ಮ ಒಲೆ ಮುಂದೆ ಹಲಸಿನ ಬೀಜ ಸುಡುತ್ತಿದ್ದರು, ನಾನು ಕಂಬಳಿ ಹೊದ್ದು ಸಿಟೇಷನ್ ಹಾಕುತ್ತಿದ್ದೆ. ನಾಲ್ಕರಲ್ಲಿ ಮೂರು ಅಂಕ ಬರೀ ಇದಕ್ಕೇ ಕೊಟ್ಟಿದ್ದು.

ನೆಟ್ ಇಲ್ಲದಾಗ ಆಗದ ಕೆಲಸವೂ ಇದೆ. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಪಿಡಿಎಫ್ ಎಳೆದು ಹಾಕಿದರೆ ಅದು ಯಾವ ಪೇಪರ್ ಅಂತ ಗುರುತಿಸಲು ಜೋಟೆರೊಗೆ ನೆಟ್ ಬೇಕು. ಅಲ್ಲಿಯವರೆಗೆ ಅದು ಹೆಸರಿಲ್ಲದ ಫೈಲ್ ಆಗಿ ಕೂತಿರುತ್ತದೆ. ನಾನು ಅಂಥದ್ದನ್ನೆಲ್ಲ "ಬಾಣೆ" ಅನ್ನೋ ಒಂದು ಕಲೆಕ್ಷನ್‌ಗೆ ಹಾಕ್ತೀನಿ. ಸಿಗ್ನಲ್ ಸಿಕ್ಕಾಗ ಬಲ ಕ್ಲಿಕ್ ಮಾಡಿ ವಿವರ ತರಿಸಿದರೆ ಮುಗೀತು. ಪೇಪರ್‌ನ ಗುರುತಿನ ಸಂಖ್ಯೆ, ಅಂದರೆ ಡಿಒಐ ನಂಬರ್, ಗೊತ್ತಿದ್ದರೆ ಇನ್ನೂ ಸುಲಭ, ಮೇಲಿನ ಮಂತ್ರದಂಡದ ಚಿತ್ರ ಒತ್ತಿ ನಂಬರ್ ಅಂಟಿಸಿ, ಅಷ್ಟೇ. ಹತ್ತು ಡಿಒಐ ಒಟ್ಟಿಗೆ ಅಂಟಿಸಿದರೂ ತಗೊಳ್ಳುತ್ತದೆ. ಹಾಗಾಗಿ ಓದುವಾಗ ಬೇಕಾದ ಪೇಪರ್‌ಗಳ ಡಿಒಐ ಮಾತ್ರ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಬಾಣೆ ಹತ್ತುವುದು ನನ್ನ ಪದ್ಧತಿ. ಮಳೆಯಲ್ಲಿ ಚೀಟಿ ನೆನೆಯುತ್ತದೆ, ಪೆನ್ಸಿಲ್‌ನಲ್ಲಿ ಬರೆಯಿರಿ.

ಆದರೆ ಜೋಟೆರೊ ಪೇಪರ್ ಹುಡುಕಿಕೊಡುವುದಿಲ್ಲ, ಸಿಕ್ಕಿದ್ದನ್ನ ಇಟ್ಟುಕೊಳ್ಳುತ್ತದೆ. ಹುಡುಕುವುದು ನಮ್ಮ ಕೆಲಸ. ನಾನು ಪೇಪರ್ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಶುರು ಮಾಡ್ತೀನಿ, ಎಲ್ಲರ ಹಾಗೆ. ಮೊದಲ ತಿಂಗಳು ಕೊಡಗು, ಭೂಕುಸಿತ ಅಂತ ಇಂಗ್ಲಿಷ್‌ನಲ್ಲಿ ಹಾಕಿ ಹುಡುಕಿ, 2018ರ ನಂತರದ್ದೇ ರಾಶಿ ಬಂದು, ಮುಂಚೆ ಯಾರೂ ಇಲ್ಲಿಯ ಗುಡ್ಡ ನೋಡಿಯೇ ಇಲ್ಲವೇನೋ ಅಂದುಕೊಂಡಿದ್ದೆ. ಆಮೇಲೆ ತಲೆಗೆ ಹೊಳೀತು. ಹಿಂದೆ ಇಂಗ್ಲಿಷ್‌ನಲ್ಲಿ ಇದು ಕೂರ್ಗ್, ಮಡಿಕೇರಿ ಮರ್ಕೆರಾ. ಹಳೆಯ ಭೂವಿಜ್ಞಾನ, ಮಳೆ ಲೆಕ್ಕ ಎಲ್ಲಾ ಆ ಹೆಸರಲ್ಲೇ ಇದೆ. ಕೂರ್ಗ್ ಅಂತ ಹಾಕಿದ ತಕ್ಷಣ ಬೇರೆಯೇ ಬಾಗಿಲು ತೆರೆಯಿತು. ಹಾಗೇ ಲ್ಯಾಂಡ್‌ಸ್ಲೈಡ್ ಅಂತ ಒಂದೇ ಪದ ಹಿಡ್ಕೊಂಡು ಕೂರಬೇಡಿ, ಲ್ಯಾಂಡ್‌ಸ್ಲಿಪ್, ಡೆಬ್ರಿ ಫ್ಲೋ, ಸ್ಲೋಪ್ ಫೇಲ್ಯೂರ್ ಎಲ್ಲಾ ಹಾಕಿ ನೋಡಿ. ನಮ್ಮೂರ ವಿಷಯ ಅಂತ ನಮ್ಮೂರ ಹೆಸರಲ್ಲೇ ಹುಡುಕಿದರೂ ಸಾಲದು. ಇಟಲಿಯಲ್ಲಿ, ತೈವಾನ್‌ನಲ್ಲಿ, ಕೇರಳದಲ್ಲಿ ಮಾಡಿದ ವಿಧಾನವೇ ನಮಗೂ ಬೇಕಾಗಿರೋದು.

ಹುಡುಕಾಟದಲ್ಲಿ ನನಗೆ ಜಾಸ್ತಿ ಫಲ ಕೊಟ್ಟಿದ್ದು ಹಿಂದೆ ಮುಂದೆ ಹೋಗುವ ದಾರಿ. ಒಂದು ಒಳ್ಳೆ ಪೇಪರ್ ಸಿಕ್ಕಿದರೆ ಅದರ ಕೊನೆಯ ಪಟ್ಟಿ ನೋಡಿ ಹಿಂದಕ್ಕೆ, ಸ್ಕಾಲರ್‌ನಲ್ಲಿ ಅದನ್ನ ಯಾರ್ಯಾರು ಉಲ್ಲೇಖಿಸಿದ್ದಾರೆ ಅಂತ ಒತ್ತಿ ಮುಂದಕ್ಕೆ. ಮಳೆಯ ಮಿತಿ ಬಗ್ಗೆ ಯಾವ ಪೇಪರ್ ಹಿಡಿದರೂ ಹಿಂದೆ ಹೋಗ್ತಾ ಹೋಗ್ತಾ ನೆಲ್ ಕೇನ್ ಅನ್ನುವವರ 1980ರ ಪೇಪರ್‌ಗೆ ಬಂದು ನಿಲ್ಲುತ್ತೀರಿ. ಪ್ರಪಂಚದ ಬೇರೆ ಬೇರೆ ಕಡೆಯ ಕುಸಿತಗಳನ್ನ ಒಟ್ಟಿಗೆ ಇಟ್ಟು, ಎಷ್ಟು ಹೊತ್ತು ಎಷ್ಟು ಜೋರಾಗಿ ಮಳೆ ಬಂದರೆ ಅಪಾಯ ಅಂತ ಒಂದು ಗೆರೆ ಎಳೆದರು ಅವರು. ಗಂಟೆಗೆ ಎಷ್ಟು ಮಿಲಿಮೀಟರ್ ಅನ್ನೋದು 14.82ನ್ನ ಗಂಟೆಗಳ 0.39ನೇ ಘಾತದಿಂದ ಭಾಗಿಸಿದಷ್ಟು. 24 ಗಂಟೆಗೆ ಲೆಕ್ಕ ಹಾಕಿದರೆ ಒಟ್ಟು ಸುಮಾರು 103 ಮಿಲಿಮೀಟರ್, ಅಂದರೆ ನಾಲ್ಕು ಇಂಚು ಚಿಲ್ಲರೆ. ಇದನ್ನ ಅಪ್ಪನಿಗೆ ಹೇಳಿದೆ. "ನಾಲ್ಕು ಇಂಚಾ? ಹಾಗಾದ್ರೆ ನಮ್ಮನೆ ಹಿಂದಿನ ಬರೆ ವರ್ಷಾ ಹತ್ತು ಸಲ ಜಾರಬೇಕಿತ್ತಲ್ಲ" ಅಂದರು. (ಬರೆ ಅಂದ್ರೆ ಕಡಿದಾದ ಮಣ್ಣಿನ ಇಳಿಜಾರು.) ನನ್ನ ಥೀಸಿಸ್‌ನ ಎರಡನೇ ಅಧ್ಯಾಯ ಒಂದು ವಾಕ್ಯದಲ್ಲಿ ಅಷ್ಟೇ. ಕೇನ್ ಅವರದ್ದು ಇಡೀ ಪ್ರಪಂಚಕ್ಕೆ ಎಳೆದ ಕೆಳಗಿನ ಗೆರೆ, ನಮ್ಮ ಗುಡ್ಡಕ್ಕೆ ನಮ್ಮದೇ ಗೆರೆ ಬೇಕು.

ಸ್ಕಾಲರ್‌ನಿಂದ ಜೋಟೆರೊಗೆ ತರುವಾಗ ಒಂದು ಎಚ್ಚರಿಕೆ. ಹುಡುಕಾಟದ ಪಟ್ಟಿಯಿಂದಲೇ ಇಪ್ಪತ್ತು ಟಿಕ್ ಹಾಕಿ ಒಮ್ಮೆಗೇ ಎಳೆಯಬಹುದು, ಆದರೆ ಹಾಗೆ ಬಂದ ವಿವರ ತೆಳುವಾಗಿರುತ್ತದೆ. ಲೇಖಕರ ಪೂರ್ತಿ ಹೆಸರಿರಲ್ಲ, ಡಿಒಐ ಇರಲ್ಲ. ಜಾಸ್ತಿ ಎಳೆದರೆ ನೀನು ಮನುಷ್ಯನಾ ರೋಬೋಟಾ ಅಂತ ಟ್ರಾಫಿಕ್ ಲೈಟ್ ಗುರುತಿಸೋಕೆ ಕೂರಿಸುತ್ತಾರೆ. ಪ್ರಕಾಶಕರ ಪುಟಕ್ಕೆ ಹೋಗಿ ಅಲ್ಲಿ ಬಟನ್ ಒತ್ತಿ. ಹತ್ತು ಸೆಕೆಂಡ್ ಜಾಸ್ತಿ, ಆದರೆ ಮುಂದೆ ಹತ್ತು ನಿಮಿಷ ಉಳಿತಾಯ.

ಶೋಧಗಂಗಾ ಮರೆಯಬೇಡಿ. ನಮ್ಮ ದೇಶದ ಪಿಎಚ್.ಡಿ. ಥೀಸಿಸ್‌ಗಳು, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವುದು, ದುಡ್ಡಿಲ್ಲ. ಪಶ್ಚಿಮ ಘಟ್ಟದ ಮಣ್ಣಿನ ಬಗ್ಗೆ ಯಾವ ಜರ್ನಲ್‌ನಲ್ಲೂ ಸಿಗದ ಲ್ಯಾಬ್ ಅಂಕಿಗಳು ಅಲ್ಲಿನ ಅನುಬಂಧಗಳಲ್ಲಿ ಸಿಕ್ಕಿವೆ ನನಗೆ. ಒಂದೇ ಕಿರಿಕಿರಿ, ಥೀಸಿಸ್ ಅಧ್ಯಾಯ ಅಧ್ಯಾಯವಾಗಿ ಬೇರೆ ಬೇರೆ ಪಿಡಿಎಫ್ ಆಗಿರುತ್ತದೆ, ಪ್ರಮಾಣಪತ್ರಕ್ಕೆ ಒಂದು, ಪೀಠಿಕೆಗೆ ಒಂದು ಅಂತ. ಜೋಟೆರೊನಲ್ಲಿ ಥೀಸಿಸ್ ಅಂತ ಒಂದೇ ನಮೂದು ಮಾಡಿ ಎಲ್ಲಾ ಫೈಲ್‌ಗಳನ್ನ ಅದರ ಕೆಳಗೆ ಎಳೆದು ಹಾಕಿ. ಇಲ್ಲಾಂದ್ರೆ ಒಂದು ಥೀಸಿಸ್ ಹನ್ನೊಂದು ಪೇಪರ್ ಆಗಿ ಕೂತು ಲೈಬ್ರರಿ ತುಂಬಿಸುತ್ತದೆ.

ದುಡ್ಡು ಕೊಟ್ಟು ಓದಬೇಕಾದ ಜರ್ನಲ್‌ಗಳ ಕಥೆ ಈಗ ಸ್ವಲ್ಪ ಬದಲಾಗಿದೆ. ಕೇಂದ್ರ ಸರ್ಕಾರವೇ ಚಂದಾ ಕಟ್ಟುವ ಒಂದು ರಾಷ್ಟ್ರ ಒಂದು ಚಂದಾ ಯೋಜನೆ 2025ರ ಜನವರಿಯಿಂದ ನಡೀತಿದೆ. 30 ಪ್ರಕಾಶಕರು, ಸುಮಾರು 13,000 ಜರ್ನಲ್, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ನನ್ನದು ಸರ್ಕಾರಿ ಕಾಲೇಜು, ಹಾಗಾಗಿ ಕ್ಯಾಂಪಸ್‌ನಲ್ಲಿ ಕೂತು ಬಟನ್ ಒತ್ತಿದರೆ ಪಿಡಿಎಫ್ ಜೊತೆಗೇ ಇಳಿಯುತ್ತದೆ. ನನ್ನ ಜೊತೆ ಪಿಯುಸಿ ಓದಿ ಈಗ ಖಾಸಗಿ ಕಾಲೇಜಲ್ಲಿರುವ ಗೆಳತಿಗೆ ಅದೇ ಪೇಪರ್ ಡಾಲರ್ ಲೆಕ್ಕದಲ್ಲಿ ಬೆಲೆ ತೋರಿಸುತ್ತದೆ. ಅಂಥವರಿಗೆ ಜೋಟೆರೊನಲ್ಲಿ ಪೂರ್ಣ ಪಠ್ಯ ಹುಡುಕುವ ಆಯ್ಕೆ ಇದೆ, ನಮೂದಿನ ಮೇಲೆ ಬಲ ಕ್ಲಿಕ್ ಮಾಡಿದರೆ ಬರುತ್ತದೆ. ಲೇಖಕರೇ ಎಲ್ಲಾದರೂ ಕಾನೂನುಬದ್ಧವಾಗಿ ಉಚಿತ ಪ್ರತಿ ಇಟ್ಟಿದ್ದರೆ ಅನ್‌ಪೇವಾಲ್ ದತ್ತಾಂಶ ನೋಡಿ ತಂದುಕೊಡುತ್ತದೆ. ಎಲ್ಲಾ ಸಲ ಸಿಗಲ್ಲ. ಸಿಗದಿದ್ದರೆ ಲೇಖಕರಿಗೆ ಒಂದು ಇಮೇಲ್ ಹಾಕಿ. ನಾನು ಆರು ಜನಕ್ಕೆ ಬರೆದೆ, ನಾಲ್ಕು ಜನ ಕಳಿಸಿದರು, ಒಬ್ಬರಂತೂ ನಿಮ್ಮೂರಲ್ಲಿ ಈಗ ಮಳೆ ಹೇಗಿದೆ ಅಂತ ವಿಚಾರಿಸಿದರು.

ಇನ್ನು ತಕರಾರು. ತಕರಾರು ಅನ್ನೋದಕ್ಕಿಂತ, ಹೆಸರುಗಳ ಗೋಳು ಅನ್ನಿ. ಲೇಖಕರ ಹೆಸರಿಗೆ ಜೋಟೆರೊ ಎರಡು ಖಾನೆ ಕೊಡುತ್ತದೆ, ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು. ನಮ್ಮಲ್ಲಿ ಅರ್ಧ ಜನಕ್ಕೆ ಮನೆತನದ ಹೆಸರೇ ಇಲ್ಲ, ಇನಿಷಿಯಲ್ ಇದೆ. ಕೊಡವರಿಗೆ ಮನೆಹೆಸರಿದೆ, ಆದರೆ ಅದು ಮುಂದೆ ಬರುತ್ತದೆ, ಪ್ರಕಾಶಕರ ತಾಣದಲ್ಲಿ ಅದನ್ನೇ ಸ್ವಂತ ಹೆಸರು ಅಂತ ನಮೂದಿಸಿರುತ್ತಾರೆ. ಜೋಟೆರೊ ಅವರು ಕೊಟ್ಟಿದ್ದನ್ನ ಹಾಗೇ ತಗೊಳ್ಳುತ್ತದೆ. ಒಬ್ಬರೇ ಪ್ರೊಫೆಸರ್ ನನ್ನ ಪಟ್ಟಿಯಲ್ಲಿ ಮೂರು ಜನ ಆಗಿದ್ದರು. ಇದಕ್ಕಿಂತ ಮಜಾ ಸಂಸ್ಥೆಗಳದ್ದು. ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾ ವರದಿ ಸೇರಿಸುವಾಗ ನಾನು ಗಮನಿಸದೆ ಎರಡು ಖಾನೆಯಲ್ಲೇ ತುಂಬಿಸಿಬಿಟ್ಟೆ. ಕೊನೆಯ ಪಟ್ಟಿಯಲ್ಲಿ ಅದು "ಇಂಡಿಯಾ, ಜಿ. ಎಸ್." ಅಂತ ಬಂತು. ಯಾರೋ ಇಂಡಿಯಾ ಅನ್ನೋ ಮನೆತನದ ಹಿರಿಯರು ಬರೆದಹಾಗೆ! ಗೈಡ್ ನೋಡಿ "ಇವರು ಯಾರಮ್ಮಾ, ನಿಮ್ಮ ಕಡೆಯವರಾ?" ಅಂದರು, ಲ್ಯಾಬ್ ಪೂರ್ತಿ ನಕ್ಕಿತು. ಖಾನೆ ಪಕ್ಕದಲ್ಲೇ ಒಂದು ಸಣ್ಣ ಗುರುತಿದೆ, ಒತ್ತಿದರೆ ಎರಡು ಖಾನೆ ಒಂದಾಗುತ್ತದೆ. ಸಂಸ್ಥೆಯ ಹೆಸರಿಗೆ ಯಾವಾಗಲೂ ಅದು ಒತ್ತಿ.

ಶೀರ್ಷಿಕೆಯಲ್ಲೂ ಹೀಗೇ ಒಂದು. ಇಂಗ್ಲಿಷ್ ಶೀರ್ಷಿಕೆಯಲ್ಲಿ ಪ್ರತಿ ಪದಕ್ಕೂ ದೊಡ್ಡಕ್ಷರ ಇದ್ದರೆ ಅದನ್ನ ಸಾಮಾನ್ಯ ವಾಕ್ಯದ ರೂಪಕ್ಕೆ ತರುವ ಸೌಕರ್ಯ ಜೋಟೆರೊನಲ್ಲಿದೆ. ಉಲ್ಲೇಖದ ಸ್ಟೈಲ್ ಸರಿಯಾಗಿ ಬರಬೇಕಾದರೆ ಹಾಗೇ ಇಟ್ಟುಕೊಳ್ಳುವುದು ಒಳ್ಳೇದೂ ಹೌದು. ಆದರೆ ಒತ್ತಿದ ಮೇಲೆ ಒಮ್ಮೆ ಕಣ್ಣಾಡಿಸಿ, ಊರಿನ ಹೆಸರಿನ ದೊಡ್ಡಕ್ಷರವೂ ಜೊತೆಗೇ ಹೋಗಿರಬಹುದು. ನನ್ನ ಪಟ್ಟಿಯಲ್ಲಿ ಕೊಡಗು, ಕಾವೇರಿ ಎರಡೂ ಸಣ್ಣಕ್ಷರವಾಗಿದ್ದವು. ತಲಕಾವೇರಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಾ ಅಂದಳು ರೂಮ್‌ಮೇಟ್.

ಕನ್ನಡದ ಬಗ್ಗೆ ಕೇಳುವವರಿಗೆ: ಯೂನಿಕೋಡ್ ಕನ್ನಡ ಚೆನ್ನಾಗಿಯೇ ಕೂರುತ್ತದೆ, ಹುಡುಕಿದರೂ ಸಿಗುತ್ತದೆ. ಮಡಿಕೇರಿಯ ಶಕ್ತಿ ಪತ್ರಿಕೆಯ ಹಳೆ ಸುದ್ದಿಗಳನ್ನ ಎಲ್ಲೆಲ್ಲಿ ಯಾವ ದಿನ ಬರೆ ಕುಸಿಯಿತು ಅಂತ ತಿಳಿಯಲು ಪತ್ರಿಕಾ ಲೇಖನ ಅನ್ನೋ ನಮೂನೆಯಲ್ಲಿ ಸೇರಿಸಿದ್ದೇನೆ, ಫೋಟೋ ಜೊತೆಗೆ. ತೊಂದರೆ ಇರೋದು ಹಳೆಯ ಸರ್ಕಾರಿ ವರದಿಗಳಲ್ಲಿ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಏನೇನೋ ಚಿಹ್ನೆ. "ಭೂಕುಸಿತ" ಅಂತ ಹುಡುಕಿದರೆ ಶೂನ್ಯ. ಇದರಲ್ಲಿ ಜೋಟೆರೊ ತಪ್ಪೇನಿಲ್ಲ. ನಾನು ಅಂಥ ಪ್ರತಿ ವರದಿಗೂ ನಾಲ್ಕು ಸಾಲು ಟಿಪ್ಪಣಿ ಯೂನಿಕೋಡ್‌ನಲ್ಲಿ ಬರೆದಿಡುತ್ತೇನೆ, ಊರಿನ ಹೆಸರು ಹಾಕಿ. ಹುಡುಕಿದಾಗ ಟಿಪ್ಪಣಿ ಸಿಕ್ಕರೆ ವರದಿ ಸಿಕ್ಕ ಹಾಗೆ.

ಈಗ ನಾನು ಹಾಳು ಮಾಡಿಕೊಂಡ ಕಥೆ. ಜೋಟೆರೊ ಫೈಲ್‌ಗಳಿಗೆ ತನ್ನ ಸರ್ವರ್‌ನಲ್ಲಿ ಉಚಿತವಾಗಿ ಕೊಡೋದು 300 ಎಂಬಿ. ಪೇಪರ್‌ಗೆ ಎರಡು ಮೂರು ಎಂಬಿ ಅಂದರೂ ನೂರು ಚಿಲ್ಲರೆ ಪೇಪರ್‌ಗೆ ತುಂಬಿತು. ಸ್ಕ್ಯಾನ್ ಮಾಡಿದ ವರದಿ ಇದ್ದರೆ ಐದಾರಕ್ಕೇ ಖಲಾಸ್. 2 ಜಿಬಿಗೆ ವರ್ಷಕ್ಕೆ 20 ಡಾಲರ್. ಸ್ಟೈಪೆಂಡ್ ಯಾವಾಗ ಬರುತ್ತದೆ ಅಂತಲೇ ಗೊತ್ತಿಲ್ಲದವಳಿಗೆ ಅದು ದುಡ್ಡೇ. ಹಾಗಾಗಿ ನಾನು ಬುದ್ಧಿವಂತಿಕೆ ಮಾಡಿದೆ. ಜೋಟೆರೊದ ಇಡೀ ಡೇಟಾ ಫೋಲ್ಡರನ್ನೇ ಒಂದು ಕ್ಲೌಡ್ ಡ್ರೈವ್ ಒಳಗೆ ಇಟ್ಟೆ. ಹಾಗೆ ಮಾಡಬೇಡಿ ಅಂತ ಜೋಟೆರೊದವರೇ ಬರೆದಿದ್ದಾರೆ, ನಾನು ಓದಿರಲಿಲ್ಲ. ಆ ಫೋಲ್ಡರ್‌ನಲ್ಲಿರೋದು ಒಂದು ಡೇಟಾಬೇಸ್. ಜೋಟೆರೊ ಅದಕ್ಕೆ ಬರೆಯುತ್ತಿರುವಾಗಲೇ ಕ್ಲೌಡ್ ಅದನ್ನ ನಕಲು ಮಾಡೋಕೆ ಹೊರಟರೆ ಎರಡೂ ಗೋಜಲಾಗುತ್ತದೆ. ಬಾಣೆ ಮೇಲೆ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಅರ್ಧ ಹೋಗಿ ಅರ್ಧ ನಿಂತರೆ ಕೇಳೋದೇ ಬೇಡ. ಒಂದು ಬೆಳಿಗ್ಗೆ ತೆರೆದರೆ ಡೇಟಾಬೇಸ್ ಕೆಟ್ಟಿದೆ ಅಂತ ಸಂದೇಶ. ಮುನ್ನೂರು ಪೇಪರ್, ಎಲ್ಲಾ ಟಿಪ್ಪಣಿ. ಅಮ್ಮ ಬಂದು "ಯಾರು ಹೋದ್ರು?" ಅಂತ ಕೇಳುವಷ್ಟು ಅತ್ತೆ.

ಉಳಿಸಿದ್ದೂ ಜೋಟೆರೊನೇ. ಅದು ಆಗಾಗ ತಾನಾಗೇ ಡೇಟಾಬೇಸ್‌ನ ಒಂದು ಪ್ರತಿ ಅದೇ ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ, ಹೆಸರಿನ ಕೊನೆಗೆ ಬಿಎಕೆ ಅಂತ ಇರುತ್ತದೆ. ಪ್ರೋಗ್ರಾಂ ಮುಚ್ಚಿ, ಕೆಟ್ಟಿದ್ದನ್ನ ಪಕ್ಕಕ್ಕಿಟ್ಟು, ಆ ಪ್ರತಿಯ ಹೆಸರು ಬದಲಾಯಿಸಿ ತೆರೆದರೆ ಎರಡು ದಿನದ ಹಿಂದಿನ ಸ್ಥಿತಿ ವಾಪಸ್ ಬಂತು. ಈಗ ನನ್ನ ವ್ಯವಸ್ಥೆ ಹೀಗಿದೆ: ನಮೂದು ಮತ್ತು ಟಿಪ್ಪಣಿ ಮಾತ್ರ ಜೋಟೆರೊ ಸಿಂಕ್‌ಗೆ, ಅದಕ್ಕೆ ಮಿತಿ ಇಲ್ಲ, 300 ಎಂಬಿ ಲೆಕ್ಕ ಬರೀ ಫೈಲ್‌ಗಳಿಗೆ. ಪಿಡಿಎಫ್‌ಗಳ ಸಿಂಕ್ ಆಫ್ ಮಾಡಿದ್ದೇನೆ. ಭಾನುವಾರ ಜೋಟೆರೊ ಮುಚ್ಚಿ, ಇಡೀ ಫೋಲ್ಡರ್ ಹಾರ್ಡ್‌ಡಿಸ್ಕ್‌ಗೆ ನಕಲು. ವೆಬ್‌ಡ್ಯಾವ್ ಅನ್ನೋ ವಿಧಾನದಲ್ಲಿ ಬೇರೆ ಸರ್ವರ್‌ಗೂ ಫೈಲ್ ಸಿಂಕ್ ಮಾಡಬಹುದು, ನಮ್ಮನೆ ನೆಟ್‌ಗೆ ಅದೆಲ್ಲ ಆಡಂಬರ.

ಓದುವ ಭಾಗ ಚೆನ್ನಾಗಿದೆ. 2022ರ ಆರನೇ ಆವೃತ್ತಿಯಿಂದ ಪಿಡಿಎಫ್ ಜೋಟೆರೊ ಒಳಗೇ ತೆರೆಯುತ್ತದೆ. ನಾನು ಹಳದಿ ಬಣ್ಣ ವಿಧಾನಕ್ಕೆ, ಕೆಂಪು ನನಗೆ ಒಪ್ಪಿಗೆ ಇಲ್ಲದ್ದಕ್ಕೆ, ಹಸಿರು ಉಲ್ಲೇಖಿಸಬೇಕಾದ್ದಕ್ಕೆ. ಬಣ್ಣ ಹಚ್ಚಿದ ಸಾಲುಗಳನ್ನೆಲ್ಲ ಒಂದೇ ಟಿಪ್ಪಣಿಯಾಗಿ ಎಳೆದುಕೊಳ್ಳಬಹುದು, ಒತ್ತಿದರೆ ಆ ಪುಟಕ್ಕೇ ಹೋಗುತ್ತದೆ. ಇದು ಮೊದಲ ಸೆಮಿಸ್ಟರ್‌ನಲ್ಲೇ ಇದ್ದಿದ್ದರೆ "ಎಲ್ಲಿಂದ ಬಂತಮ್ಮಾ" ಅನ್ನೋ ಪ್ರಶ್ನೆಗೆ ಪುಟ ಸಮೇತ ಉತ್ತರ ಕೊಡ್ತಿದ್ದೆ. ಆದರೆ ಈ ಬಣ್ಣ ಪಿಡಿಎಫ್ ಫೈಲ್‌ನಲ್ಲಿ ಇರಲ್ಲ, ಜೋಟೆರೊದ ಡೇಟಾಬೇಸ್‌ನಲ್ಲಿರುತ್ತದೆ. ಫೋಲ್ಡರ್‌ನಿಂದ ಫೈಲ್ ತೆಗೆದು ಗೆಳತಿಗೆ ವಾಟ್ಸಾಪ್ ಮಾಡಿ, ಹಸಿರು ಸಾಲು ನೋಡು ಅಂದೆ. ಅವಳಿಗೆ ಹಸಿರೂ ಇಲ್ಲ, ಹಳದಿಯೂ ಇಲ್ಲ. ಕಳಿಸುವಾಗ ಬಣ್ಣ ಸಮೇತ ಎಕ್ಸ್‌ಪೋರ್ಟ್ ಮಾಡಬೇಕು. ಪ್ರಕಟವಾದ ಮೇಲೆ ಜರ್ನಲ್‌ನಿಂದ ಹಿಂಪಡೆದ ಪೇಪರ್ ನಿಮ್ಮ ಲೈಬ್ರರಿಯಲ್ಲಿದ್ದರೆ, ರಿಟ್ರ್ಯಾಕ್ಷನ್ ವಾಚ್‌ನವರ ಪಟ್ಟಿ ನೋಡಿಕೊಂಡು ಜೋಟೆರೊ ಕೆಂಪು ಗುರುತು ಹಾಕಿ ಎಚ್ಚರಿಸುತ್ತದೆ. ನನಗೆ ಒಂದು ಸಲ ಬಂತು, ಪುಣ್ಯಕ್ಕೆ ಇನ್ನೂ ಉಲ್ಲೇಖಿಸಿರಲಿಲ್ಲ.

ಬರೆಯುವಾಗ ವರ್ಡ್, ಲಿಬ್ರೆ ಆಫೀಸ್ ಎರಡಕ್ಕೂ ಪ್ಲಗಿನ್ ಇದೆ. ಚದರ ಕಂಸದೊಳಗೆ ಅಂಕಿ ಬೇಕಾ, ಲೇಖಕ-ವರ್ಷ ಬೇಕಾ, ಹತ್ತು ಸಾವಿರಕ್ಕೂ ಮೇಲ್ಪಟ್ಟು ಸ್ಟೈಲ್‌ಗಳಿವೆ, ಬದಲಾಯಿಸಲು ಒಂದು ನಿಮಿಷ. ಬೇಕಾದ ಸ್ಟೈಲನ್ನ ಮಳೆಗಾಲಕ್ಕೆ ಮುಂಚೆ ಇಳಿಸಿಕೊಳ್ಳಿ. ವರ್ಡ್ ಬದಲು ಲೇಟೆಕ್ ಅನ್ನೋ ವ್ಯವಸ್ಥೆಯಲ್ಲಿ ಬರೆಯುವವರು ಬೆಟರ್ ಬಿಬ್‌ಟೆಕ್ ಅನ್ನೋ ಪ್ಲಗಿನ್ ಹಾಕಿಕೊಳ್ಳಿ, ಅದಿಲ್ಲದೆ ಜೋಟೆರೊ ಲೇಟೆಕ್‌ಗೆ ಅರ್ಧ ಉಪಯೋಗ.

ಇದೇ ಕೆಲಸ ಮಾಡುವ ಮೆಂಡೆಲಿ ಯಾಕಲ್ಲ ಅಂತ ಕೇಳ್ತಾರೆ. ಅದೂ ಕೆಲಸ ಮಾಡುತ್ತದೆ, ಉಚಿತ ಜಾಗ 2 ಜಿಬಿ, ಈ ವಿಷಯದಲ್ಲಿ ಜೋಟೆರೊಗಿಂತ ಎಷ್ಟೋ ಮೇಲು. 2013ರಿಂದ ಅದು ಜರ್ನಲ್ ಪ್ರಕಾಶಕರಾದ ಎಲ್ಸೆವಿಯರ್ ಕೈಯಲ್ಲಿದೆ, ಹಳೆಯ ಡೆಸ್ಕ್‌ಟಾಪ್ ಆವೃತ್ತಿಯನ್ನ 2022ರಲ್ಲಿ ನಿಲ್ಲಿಸಿ ಹೊಸದಕ್ಕೆ ಹೋದರು. ಲೇಟೆಕ್ ಮಾತ್ರ ಬಳಸುವವರಿಗೆ ಜಬ್‌ರೆಫ್ ಸಾಕು. ನನಗೆ ಬೇಕಾಗಿದ್ದದ್ದು ನನ್ನ ಲ್ಯಾಪ್‌ಟಾಪ್‌ನಲ್ಲೇ ಇರುವ, ಯಾರೂ ನಾಳೆ ಬಂದು ಬಾಗಿಲು ಹಾಕದ ಒಂದು ವ್ಯವಸ್ಥೆ, ಮತ್ತು ಪೇಪರ್ ಅಲ್ಲದ್ದಕ್ಕೂ ಅದರಲ್ಲಿ ಜಾಗ.

ಪೇಪರ್ ಅಲ್ಲದ್ದು ಅಂದ್ರೆ ಅಪ್ಪನ ಮಳೆ ಪುಸ್ತಕ. ತೋಟ ಇರುವ ಮನೆಗಳಲ್ಲಿ ಇದು ಹೊಸದಲ್ಲ, ಅಂಗಳದಲ್ಲಿ ಮಳೆಮಾಪಕ, ಬೆಳಿಗ್ಗೆ ಎಂಟು ಗಂಟೆಗೆ ಗ್ಲಾಸಿಗೆ ಸುರಿದು ಅಳೆದು ಬರೆಯೋದು. ಮಿಲಿಮೀಟರ್ ಅಲ್ಲ, ಇಂಚು ಮತ್ತು ಸೆಂಟು, ಅಂದರೆ ಇಂಚಿನ ನೂರರಲ್ಲಿ ಒಂದು ಭಾಗ. ಎರಡು ಇಂಚು ಮೂವತ್ತು ಸೆಂಟು ಅಂದರೆ 58.4 ಮಿಲಿಮೀಟರ್. ಅಜ್ಜ ಬರೆಯುತ್ತಿದ್ದರು, ಅವರು ಹೋದ ಮೇಲೆ ಅಪ್ಪ. ಒಟ್ಟು ಹನ್ನೊಂದು ಪುಸ್ತಕ, ಕೆಲವು ಹಳೆ ಡೈರಿ, ಕೆಲವು ಶಾಲೆಯ ನೋಟ್‌ಬುಕ್. ನಮ್ಮ ಬರೆಗೆ ಅತಿ ಹತ್ತಿರದ ಮಳೆ ಲೆಕ್ಕ ಪ್ರಪಂಚದಲ್ಲಿ ಇದೊಂದೇ. 2018ರ ಆಗಸ್ಟ್ ಪುಟದಲ್ಲಿ ಹದಿನಾರರ ನಂತರ ಐದು ದಿನ ಖಾಲಿ. ಆ ಐದು ದಿನ ನಾವು ಶಾಲೆಯ ಗಂಜಿಕೇಂದ್ರದಲ್ಲಿದ್ದೆವು. ಆರನೇ ದಿನ ಬಂದವರು ಮಾಪಕದ ಡಬ್ಬಿ ಉಕ್ಕಿ ಹರಿದದ್ದು ನೋಡಿ, ಅಳೆಯೋಕೆ ಆಗಲ್ಲ ಅಂತ ಬರೆದಿದ್ದಾರೆ, ಅಷ್ಟೇ.

ಇದನ್ನ ಥೀಸಿಸ್‌ನಲ್ಲಿ ಹೇಗೆ ಉಲ್ಲೇಖಿಸೋದು ಅಂತ ಗೈಡ್‌ಗೂ ಗೊತ್ತಿರಲಿಲ್ಲ. ಜೋಟೆರೊಗೆ ಗೊತ್ತಿತ್ತು. ಇತಿಹಾಸದವರು ಮಾಡಿದ್ದಲ್ವಾ, ಕಾಗದ, ಸಂದರ್ಶನ, ಹಸ್ತಪ್ರತಿ ಎಲ್ಲದಕ್ಕೂ ನಮೂನೆ ಇದೆ. ಹಸ್ತಪ್ರತಿ ಅಂತ ಆಯ್ಕೆ ಮಾಡಿ, ಒಂದೊಂದು ಪುಸ್ತಕಕ್ಕೂ ಒಂದೊಂದು ನಮೂದು ಮಾಡಿದೆ, ಪುಟಗಳ ಫೋಟೋ ಕೆಳಗೆ ಸೇರಿಸಿದೆ. ಈ ಸಲ ಹೆಸರನ್ನ ಹುಷಾರಾಗಿ ಒಂದೇ ಖಾನೆಯಲ್ಲಿ ಹಾಕಿದೆ. ಅಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಸಂಗ್ರಹದಲ್ಲಿ ಎಲ್ಲಿದೆ ಅಂತ ಕೇಳುವ ಒಂದು ಖಾನೆ ಬರುತ್ತದೆ, ಅದರಲ್ಲಿ "ಮನೆಯ ಅಟ್ಟ" ಅಂತ ಬರೆದೆ.

"ಅಟ್ಟದಲ್ಲಿ ಇಲಿ ಕಾಟ ಇದೆ ಮಗಾ, ಬೀರುವಿನಲ್ಲಿ ಇಡು" ಅಂದರು.

ಪುಸ್ತಕಗಳನ್ನ ಇಳಿಸಿ, ಧೂಳು ಒರೆಸಿ ಬೀರುವಿಗೆ ಹಾಕಿದೆವು. ಖಾನೆಯನ್ನೂ ತಿದ್ದಿದೆ. ಸಿಂಕ್ ಆಗಿದ್ದು ಮಾರನೇ ದಿನ, ಬಾಣೆಗೆ ಹೋದಾಗ.